ಫೈಲು ಆಚೆ ಹೋಗಲಿಲ್ಲ

ಕುವೈತಿನಲ್ಲಿ ಫೈಲು ಎಂದರೆ ಎರಡು ಥರ. ಒಂದು ಕಂಪ್ಯೂಟರಿನ ಒಳಗಿರುತ್ತದೆ. ಅದು ಹಾಳಾದರೆ ಒಬ್ಬನ ದಿನ ಹಾಳಾಗುತ್ತದೆ. ಇನ್ನೊಂದು ಸರ್ಕಾರದ ಇಲಾಖೆಯಲ್ಲಿ ಪ್ರತಿ ಕಂಪನಿಯ ಹೆಸರಿನಲ್ಲಿರುತ್ತದೆ. ಅದು ಬಂದ್ ಆದರೆ ಆ ಕಂಪನಿಯಲ್ಲಿ ದುಡಿಯುವ ಒಬ್ಬನಿಗೂ ಇಕಾಮಾ ಸಿಗುವುದಿಲ್ಲ, ಇಕಾಮಾ ಇಲ್ಲದವನಿಗೆ ಈ ದೇಶದಲ್ಲಿ ನಿಲ್ಲುವ ಹಕ್ಕಿಲ್ಲ. ರಿಲೀಸೂ ಹಾಗೆಯೇ ಎರಡು ಥರ. ಸಾಫ್ಟ್‌ವೇರಿನ ಹೊಸ ಆವೃತ್ತಿಗೆ ರಿಲೀಸ್ ಎನ್ನುತ್ತಾರೆ. ಒಬ್ಬ ಕಫೀಲ್, ಎಂದರೆ ವೀಸಾ ಕೊಟ್ಟ ಧಣಿ, ತನ್ನ ಆಳನ್ನು ಇನ್ನೊಬ್ಬ ಕಫೀಲನ ಕಡೆ ಟ್ರಾನ್ಸ್‌ಫರ್ ಆಗಲು ಬಿಟ್ಟುಕೊಡುವ ಕಾಗದಕ್ಕೂ ರಿಲೀಸ್ ಎನ್ನುತ್ತಾರೆ.

ಲೋಕನಾಥನಿಗೆ ಈ ನಾಲ್ಕರಲ್ಲಿ ಯಾವುದೂ ಸರಿಯಾಗಿ ಗೊತ್ತಿರಲಿಲ್ಲ. ತನಗೆ ಗೊತ್ತಿಲ್ಲ ಎಂಬುದೂ ಅವನಿಗೆ ಗೊತ್ತಿರಲಿಲ್ಲ ಎಂದು ಬರೆದರೆ ಅವನಿಗೆ ಮರ್ಯಾದೆ ಕೊಟ್ಟಂತಾಗುತ್ತದೆ. ಅದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಕಾರ್ಕಳದ ಕಡೆಯ ಈ ಮನುಷ್ಯ ಹನ್ನೊಂದು ವರ್ಷದ ಹಿಂದೆ ಫಹಾಹೀಲಿನ ಒಂದು ಕೋಳಿ ಆಮದು ಕಂಪನಿಗೆ ಸ್ಟೋರಿನ ಸಹಾಯಕನಾಗಿ ಬಂದವನು. ಒಂದು ದಿನ ಆಫೀಸಿನ ಇಂಟರ್ನೆಟ್ ನಿಂತಾಗ, ನೆಟ್ಟಿನ ಪೆಟ್ಟಿಗೆಯ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದ. ನೆಟ್ ಬಂತು. ಅಂದಿನಿಂದ ಅವನು ಐಟಿ. ಊರವರ ಸಂಘದ ಸಭೆಯಲ್ಲಿ ‘ನೆಟ್‌ವರ್ಕ್ ಸೆಕ್ಯುರಿಟಿ, ಫೈರ್‌ವಾಲ್ ನನ್ನ ಕೈಯಲ್ಲೇ’ ಎಂದು ಪರಿಚಯ ಹೇಳಿಕೊಂಡ. ಸಂಘದವರು ಹಿಗ್ಗಿ, ಮುಂದಿನ ಯಕ್ಷಗಾನದ ದಿನ ಬೆಂಕಿ ಆರಿಸುವ ಸಿಲಿಂಡರುಗಳ ಉಸ್ತುವಾರಿಯನ್ನು ಅವನಿಗೆ ಕೊಟ್ಟರು. ಅವನು ಅದನ್ನೂ ತೆಗೆದುಕೊಂಡ.

ಆ ಕಂಪನಿಯಲ್ಲಿ ಫೈರ್‌ವಾಲ್ ಪೆಟ್ಟಿಗೆಗಳು ಎರಡು. ಎರಡೂ ಜೋಡಿ. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಪಕ್ಕದಲ್ಲಿ ಕೂತು ಅದನ್ನು ನೋಡುತ್ತಿರುತ್ತದೆ; ಮೊದಲನೆಯದು ಬಿದ್ದ ಕ್ಷಣ ಎರಡನೆಯದು ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಕಂಪನಿಯಲ್ಲಿ ಈ ಶಿಸ್ತು ಇದ್ದದ್ದು ಆ ಎರಡು ಪೆಟ್ಟಿಗೆಗಳಿಗೆ ಮಾತ್ರ. ಲೋಕನಾಥ ಅವುಗಳ ಮೇಲೆ ೧, ೨ ಎಂದು ಸ್ಟಿಕ್ಕರ್ ಅಂಟಿಸಿದ್ದ. ಅವನ ತಾಂತ್ರಿಕ ಕೊಡುಗೆ ಅಷ್ಟೇ.

ಭಾನುವಾರ ಬೆಳಿಗ್ಗೆ ಐಟಿ ಮ್ಯಾನೇಜರ್ ಕುಶಾಲ್ ಕುವೈತ್ ಸಿಟಿಯ ಆಫೀಸಿನಿಂದ ಫೋನ್ ಮಾಡಿದರು. ಮೈಸೂರಿನವರು, ಎಂಟೆಕ್ ಓದಿದವರು, ಆ ಎಂಟೆಕ್ಕನ್ನು ದಿನಕ್ಕೊಮ್ಮೆಯಾದರೂ ಮಾತಿನಲ್ಲಿ ತರುವವರು.

‘ನೋಡಿ ಲೋಕನಾಥ್, ಹೊರಗಿನಿಂದ ಲಾಗಿನ್ ಆಗುವ ಪ್ರೋಗ್ರಾಮಿನ ಹೊಸ ರಿಲೀಸ್ ಕಳಿಸಿದ್ದೀನಿ. ಎರಡೂ ಪೆಟ್ಟಿಗೆಗೆ ಹಾಕಿ. ಒಂದು ತಿಳ್ಕೊಳ್ಳಿ. ಸೆಟ್ಟಿಂಗ್ಸ್ ಒಂದರಿಂದ ಇನ್ನೊಂದಕ್ಕೆ ತಾನಾಗೇ ಹೋಗುತ್ತೆ. ಫೈಲ್ ಹೋಗಲ್ಲ. ಫೈಲನ್ನ ನೀವೇ ಹಾಕ್ಬೇಕು, ಎರಡಕ್ಕೂ ಬೇರೆ ಬೇರೆ.’

‘ಗೊತ್ತುಂಟು ಸರ್.’

‘ಗುರುವಾರ ಹತ್ತು ಗಂಟೆಗೆ ಕರೆಂಟಿನವರು ಬಂದು ಒಂದನೆಯದರ ಲೈನ್ ತೆಗೀತಾರೆ. ಎರಡನೆಯದರ ಮೇಲೆ ನಡೀಬೇಕು. ಮುದೀರ್ ಇಸ್ತಾಂಬುಲ್‌ನಲ್ಲಿ ಇದ್ದಾರೆ, ಅಲ್ಲಿಂದ ಲಾಗಿನ್ ಆಗ್ತಾರೆ. ನಿಮ್ಮ ಕಾಂಟ್ರಾಕ್ಟ್ ಈ ತಿಂಗಳಿಗೆ ಮುಗಿಯುತ್ತೆ ಅಲ್ವಾ? ಇದು ಸರಿಯಾಗಿ ನಡೆದರೆ ಎರಡು ವರ್ಷಕ್ಕೆ ಬರೆಸ್ತೀನಿ. ನಡೀಲಿಲ್ಲ ಅಂದ್ರೆ ನಾನು ಏನೂ ಹೇಳಕ್ಕಾಗಲ್ಲ.’

ಹೆಂಡತಿಯ ಕ್ಲಿನಿಕ್ಕಿನ ಕೆಲಸ, ಮಗಳ ಆರನೇ ಕ್ಲಾಸು, ಫಹಾಹೀಲಿನ ಎರಡು ಕೋಣೆಯ ಫ್ಲಾಟು, ಎಲ್ಲವೂ ಈ ಎರಡು ವರ್ಷಕ್ಕೆ ಜೋತುಬಿದ್ದಿದ್ದವು. ಇಂಥ ಹೊತ್ತಿನಲ್ಲಿ ಸಾಮಾನ್ಯ ಮನುಷ್ಯ ಹೇಳಿದ್ದನ್ನು ಬರೆದುಕೊಳ್ಳುತ್ತಾನೆ. ಲೋಕನಾಥ ಒಂದನೆಯದಕ್ಕೆ ಫೈಲು ಹಾಕಿದ, ‘ಜೋಡಿ ಅಂದ ಮೇಲೆ ಇನ್ನೊಂದು ನೋಡಿ ತಗೊಳ್ತದೆ’ ಎಂದುಕೊಂಡ, ಎರಡೂ ಆಗಿದೆ ಎಂದು ಕುಶಾಲರಿಗೆ ಮೆಸೇಜು ಹಾಕಿದ, ಚಹಾ ಕುಡಿಯಲು ಹೋದ.

ಬುಧವಾರ ಮಧ್ಯಾಹ್ನ, ಯಾಕೋ ಎರಡನೆಯದರ ಒಳಗೆ ಇಣುಕಿದ. ಫೈಲು ಇರಲಿಲ್ಲ. ಹಾಕಲು ಹೋದ. ಜಾಗ ಇಲ್ಲ ಎಂದಿತು. ಮತ್ತೆ ಹಾಕಿದ. ಮತ್ತೆ ಅದೇ ಮಾತು. ಯಂತ್ರಗಳಲ್ಲಿ ಇರುವ ದೊಡ್ಡ ದೋಷವೆಂದರೆ ಅವುಗಳಿಗೆ ‘ಆಗಿದೆ’ ಎಂದು ಸುಳ್ಳು ಹೇಳಲು ಬರುವುದಿಲ್ಲ.

ಈಗ ಕುಶಾಲರಿಗೆ ಹೇಳಬಹುದಿತ್ತು. ಹೇಳಿದರೆ ಭಾನುವಾರದ ಸುಳ್ಳನ್ನೂ ಹೇಳಬೇಕಾಗುತ್ತಿತ್ತು. ಆದ್ದರಿಂದ ಲೋಕನಾಥ ತಲೆಕೂದಲು ಕತ್ತರಿಸಿಕೊಳ್ಳಲು ಹೋದ. ಮರುದಿನ ಮುದೀರರು, ಎಂದರೆ ಕಂಪನಿಯ ದೊಡ್ಡ ಯಜಮಾನರು, ವೀಡಿಯೊದಲ್ಲಿ ಬಂದರೆ ನೆಟ್ಟಗೆ ಕಾಣಬೇಕಲ್ಲ.

ಕ್ಷೌರದಂಗಡಿಯಲ್ಲಿ ಬಿಳಿ ಬಟ್ಟೆ ಕುತ್ತಿಗೆಗೆ ಕಟ್ಟಿಸಿಕೊಂಡು ಕೂತಾಗ, ಸಾಲ್ಮಿಯಾದ ಒಂದು ಕಂಪ್ಯೂಟರ್ ಕಂಪನಿಯಲ್ಲಿದ್ದ ಹೆಂಡತಿಯ ತಮ್ಮ ತಿಲಕ್‌ಗೆ ಫೋನ್ ಹಚ್ಚಿದ. ಕಿವಿಯ ಹತ್ತಿರ ಕತ್ತರಿ ಆಡುತ್ತಿದ್ದದ್ದರಿಂದ ಸ್ಪೀಕರಿಗೆ ಹಾಕಿದ. ಪಕ್ಕದ ಕುರ್ಚಿಯಲ್ಲಿ ಒಬ್ಬ ಮುಖಕ್ಕೆಲ್ಲ ನೊರೆ, ಕಣ್ಣಿಗೆ ಬಿಸಿ ಟವೆಲು ಹಾಕಿಸಿಕೊಂಡು ಮಲಗಿದ್ದ.

‘ಫೈಲ್ ಟ್ರಾನ್ಸ್‌ಫರ್ ಆಗುದಿಲ್ಲ ಮಾರಾಯ. ಆಚೆಯವ ತಗೊಳ್ಳುದೇ ಇಲ್ಲ.’

‘ಯಾಕೆ ಭಾವ, ಜಾಗ ಇಲ್ವಾ?’

‘ಎಲ್ಲಿಯ ಜಾಗ. ಹಳತೆಲ್ಲ ತುಂಬಿಕೊಂಡು ಕೂತಿದೆ. ಹಳತನ್ನೆಲ್ಲ ಕಿತ್ತು ಬಿಸಾಡಿದ್ರೆ ಮಾತ್ರ.’

‘ರಿಲೀಸ್ ಉಂಟಾ?’

‘ರಿಲೀಸ್ ಒಂದೇ ಉಂಟು. ಆಚೆಯದಕ್ಕೆ ಇಲ್ಲ. ನಾಳೆ ಹತ್ತು ಗಂಟೆಗೆ ಇದು ಬಂದ್. ಮತ್ತೆ ಒಬ್ಬನೂ ಒಳಗೆ ಬರ್ಲಿಕ್ಕಿಲ್ಲ.’

‘ಕುಶಾಲ್ ಸರ್‌ಗೆ ಗೊತ್ತುಂಟಾ?’

‘ಅವರಿಗೆ ಎಲ್ಲ ಆಗಿದೆ ಅಂತ ಹೇಳಿದ್ದೇನೆ. ನೀನು ಯಾರಿಗೂ ಬಾಯಿ ಬಿಡ್ಬೇಡ.’

‘ಭಾವ, ಒಂದು ಪೆಟ್ಟಿಗೆಯಲ್ಲಿ ಕೂತು ಇನ್ನೊಂದಕ್ಕೆ ಹುಕುಂ ಕೊಡ್ಲಿಕ್ಕೆ ಆಗ್ತದೆ. ಕಮಾಂಡಿನ ಹಿಂದೆ ಜೋಡಿಗೆ ಅಂತ ಸೇರಿಸಿದ್ರೆ ಅದು ಆಚೆಯದರಲ್ಲಿ ನಡೀತದೆ. ಹಾಗೆ ಅಳಿಸಿ. ಆದ್ರೆ ಈಗ ಯಾವುದು ಕೆಲಸ ಮಾಡ್ತಾ ಉಂಟು ಅಂತ ಮೊದಲು ನೋಡಿ. ಸ್ಟಿಕ್ಕರ್ ನೋಡಿ ನಂಬಬೇಡಿ.’

‘ಗೊತ್ತುಂಟು, ಗೊತ್ತುಂಟು.’

ಟವೆಲಿನ ಕೆಳಗೆ ಇದ್ದವನು ಧನರಾಜ್. ಅದೇ ಕಂಪನಿಯ ಕೋಲ್ಡ್ ಸ್ಟೋರಿನ ಸೂಪರ್‌ವೈಸರ್. ಅವನ ಕೆಳಗೆ ಅರವತ್ತು ಜನ. ಧನರಾಜನಿಗೆ ಒಂದೊಂದು ಮಾತೂ ಸ್ಪಷ್ಟವಾಗಿ ಅರ್ಥವಾಯಿತು. ಕಂಪನಿಯ ಫೈಲು ನಾಳೆ ಹತ್ತಕ್ಕೆ ಬಂದ್. ಬೇರೆ ಕಂಪನಿಗೆ ಟ್ರಾನ್ಸ್‌ಫರ್ ಇಲ್ಲ. ಹಳಬರನ್ನೆಲ್ಲ ಕಿತ್ತು ಬಿಸಾಡುತ್ತಾರೆ. ಇರುವುದು ಒಂದೇ ಒಂದು ರಿಲೀಸು, ಅದು ಈ ಲೋಕನಾಥನ ಕೈಯಲ್ಲಿ. ಅರ್ಧ ಗಡ್ಡದಲ್ಲೇ ಅವನು ಎದ್ದು ಹೊರಟ.

ನೇರ ಹೋಗಿದ್ದು ಅಬೂಬಕ್ಕರನ ಟೈಪಿಂಗ್ ಅಂಗಡಿಗೆ. ಸರ್ಕಾರಿ ಅರ್ಜಿಗಳನ್ನು ಅರಬ್ಬಿಯಲ್ಲಿ ಟೈಪು ಮಾಡಿಕೊಡುವ ಈ ಉಳ್ಳಾಲದ ಬ್ಯಾರಿ ಫಹಾಹೀಲಿನ ಅರ್ಧ ಜನರ ಹಣೆಬರಹವನ್ನು ಅವರಿಗಿಂತ ಮೊದಲೇ ಓದಿದವನು.

‘ಅಬೂಕ, ನಮ್ಮ ಕಂಪನಿದ್ದು ಏನಾದ್ರೂ ಕೇಳಿದ್ಯಾ?’

ಅಬೂಬಕ್ಕರ್ ಏನೂ ಕೇಳಿರಲಿಲ್ಲ. ಆದರೆ ತನಗೆ ಗೊತ್ತಿಲ್ಲದ ಸುದ್ದಿಯೊಂದು ಊರಿನಲ್ಲಿ ಇದೆ ಎಂದು ಒಪ್ಪಿಕೊಂಡರೆ ಅಂಗಡಿ ನಡೆಯುವುದಿಲ್ಲ.

‘ನಿನಗೆ ಈಗ ಗೊತ್ತಾದದ್ದಾ? ನಾನು ಹೇಳ್ಬಾರದು ಅಂತ ಇದ್ದೆ. ಎಲ್ಲರದ್ದೂ ಪಾಸ್‌ಪೋರ್ಟ್ ಕಾಪಿ ತಗೊಂಡು ಬಾ, ಅರ್ಜಿ ಟೈಪ್ ಮಾಡಿ ಇಡ್ತೇನೆ.’

ಇಲ್ಲಿಗೆ ಸುದ್ದಿಗೆ ಎರಡು ಸಾಕ್ಷಿ ಆಯಿತು.

ಸಂಜೆ ಆರೂವರೆಗೆ ಲೋಕನಾಥ ಮನೆಗೆ ಬಂದಾಗ ಮೇಲಿನ ಫ್ಲಾಟಿನ ಪದ್ಮಮ್ಮ ಅವನ ಸೋಫಾದ ಉದ್ದವನ್ನು ಗೇಣು ಹಾಕಿ ಅಳೆಯುತ್ತಿದ್ದರು. ತುಮಕೂರಿನ ಹೆಂಗಸು, ಗಂಡ ಮುನಿಸ್ವಾಮಿ ಆಸ್ಪತ್ರೆಯೊಂದರಲ್ಲಿ ಎಂಜಿನಿಯರ್. ಕುವೈತ್ ಬಿಟ್ಟು ಹೊರಡುವವರ ಮನೆಯ ಸಾಮಾನನ್ನು ಬೇರೆಯವರು ನೋಡುವ ಮೊದಲು ನೋಡುವುದು ಅವರ ಹವ್ಯಾಸ. ಅವರ ಮನೆಯ ಒಂದೊಂದು ಕುರ್ಚಿಯೂ ಒಂದೊಂದು ಸಂಸಾರದ ನೆನಪು.

‘ಬನ್ನಿ ಲೋಕನಾಥ್ ಅವ್ರೇ, ಮನಸ್ಸಿಗೆ ತಗೋಬೇಡಿ. ಇವತ್ತು ನೀವು, ನಾಳೆ ನಾವು. ಈ ಸೋಫಾ ನಮ್ಮ ಹಾಲಿಗೆ ಸರಿಹೋಗುತ್ತೆ ಅನ್ಸುತ್ತೆ. ವಾಷಿಂಗ್ ಮಷೀನ್ ಯಾರಿಗಾದ್ರೂ ಹೇಳಿದ್ದೀರಾ?’

ಲೋಕನಾಥ ಹೆಂಡತಿಯ ಮುಖ ನೋಡಿದ. ಆಶಾಲತಾ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು.

‘ಫೈಲ್ ಸುದ್ದಿ ನಿಜವಾ?’ ಎಂದಳು.

ಫೈಲು ಎಂಬ ಪದ ಕೇಳಿ ಲೋಕನಾಥ, ತಿಲಕ್ ಅಕ್ಕನಿಗೆ ಹೇಳಿಬಿಟ್ಟಿದ್ದಾನೆ ಎಂದುಕೊಂಡ.

‘ನಿನಗೆ ಯಾರು ಹೇಳಿದ್ದು?’

‘ಇಡೀ ಫಹಾಹೀಲಿಗೆ ಗೊತ್ತುಂಟು. ನನಗೆ ಕ್ಲಿನಿಕ್ಕಿಗೆ ಬಂದ ಪೇಷೆಂಟ್ ಹೇಳ್ಬೇಕಾಯ್ತು. ಹೌದಾ ಅಲ್ಲವಾ, ಅಷ್ಟು ಹೇಳಿ.’

‘ಹೌದು. ಈಗ ಆಗ್ತಾ ಇಲ್ಲ. ನಾಳೆ ಹತ್ತು ಗಂಟೆಯೊಳಗೆ ಏನಾದ್ರೂ ಮಾಡ್ತೇನೆ.’

‘ನೀವು ಒಬ್ರು ಏನು ಮಾಡ್ತೀರಿ?’

‘ಹಳತನ್ನೆಲ್ಲ ತೆಗೆದುಹಾಕಿದ್ರೆ ಆಗ್ತದೆ ಅಂತ ತಿಲಕ್ ಹೇಳಿದ್ದಾನೆ.’

‘ಹಳತು ಅಂದ್ರೆ ಯಾರೆಲ್ಲ?’ ಎಂದಳು ಆಶಾಲತಾ, ಮೆಲ್ಲಗೆ.

‘ನೋಡ್ಬೇಕು. ಎರಡು ಸಾವಿರದ ಹದಿನೈದಕ್ಕೆ ಮೊದಲಿನದ್ದು ಯಾವುದೂ ಬೇಡ.’

ಧನರಾಜ್ ಬಂದದ್ದು ಹದಿನಾಲ್ಕರಲ್ಲಿ. ಪದ್ಮಮ್ಮನ ಮೂಲಕ ಈ ಮಾತು ಅವನಿಗೆ ಮುಟ್ಟಲು ಒಂದು ಗಂಟೆ ಹಿಡಿಯಿತು. ಲಿಫ್ಟು ಕೆಟ್ಟಿತ್ತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಲೋಕನಾಥ ಆಫೀಸು ಮುಟ್ಟಿದಾಗ ಅಂಗಳದಲ್ಲಿ ಅರವತ್ತು ಜನ ನಿಂತಿದ್ದರು. ಕೋಳಿ ಹೊತ್ತ ವ್ಯಾನುಗಳು ಒಂದೂ ಕದಲಿರಲಿಲ್ಲ. ಎಲ್ಲರ ಕೈಯಲ್ಲೂ ಪಾಸ್‌ಪೋರ್ಟಿನ ಕಾಪಿ. ಮುಂದೆ, ಒಂದು ಕೆನ್ನೆ ಮಾತ್ರ ನುಣ್ಣಗಿದ್ದ ಧನರಾಜ್.

‘ಲೋಕಣ್ಣ, ಆ ಒಂದು ರಿಲೀಸ್ ಯಾರಿಗೆ ಕೊಡ್ತೀರಿ?’

‘ಎರಡನೆಯದಕ್ಕೆ,’ ಎಂದ ಲೋಕನಾಥ. ಅವನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ‘ದಾರಿ ಬಿಡಿ ಮಾರಾಯ್ರೆ, ಹತ್ತಕ್ಕೆ ಬಂದ್ ಆಗ್ತದೆ.’

ದಾರಿ ಬಿಟ್ಟರು. ಹಿಂದಿನಿಂದ ಯಾರೋ ‘ಎರಡನೆಯವ ಯಾರು’ ಎಂದು ಕೇಳಿದ. ಸಾಲಿನಲ್ಲಿ ಎರಡನೆಯವನಾಗಲು ಅಲ್ಲಿ ಸಣ್ಣ ತಳ್ಳಾಟ ನಡೆಯಿತು.

ಅಷ್ಟರಲ್ಲಿ ಮಂದೂಬ್ ಅಬು ಫವಾಜ್ ಕಾರು ನಿಲ್ಲಿಸಿ ಇಳಿದ. ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳನ್ನು ಸುತ್ತುವ ಕುವೈತಿ ಅವನು. ಬಿಳಿ ದಿಶ್ದಾಶಾ ನಿಲುವಂಗಿ, ಕೈಯಲ್ಲಿ ಜಪಮಣಿ, ದಿನಕ್ಕೆ ಒಂದು ಕಚೇರಿ, ಮೂರು ಕಾಫಿ.

‘ಶಿನೂ ಹಾದಾ?’ ಇದೇನು ಎಂದು ಕೇಳಿದ.

‘ಬಾಬಾ, ಕಂಪನಿ ಫೈಲ್ ಬಂದ್. ಆಜ್ ದಸ್ ಬಜೆ,’ ಎಂದ ಧನರಾಜ್.

‘ಯಾರು ಹೇಳಿದ್ದು?’

‘ಲೋಕನಾಥ್. ಕಂಪ್ಯೂಟರ್‌ನಲ್ಲಿ ನೋಡಿದ್ದಾನೆ.’

ಜಪಮಣಿ ನಿಂತಿತು. ಕಂಪನಿಯ ಫೈಲನ್ನು ನವೀಕರಿಸುವ ಕೆಲಸ ಅಬು ಫವಾಜನದ್ದು. ಅದಕ್ಕೆ ಕೊನೆಯ ದಿನ ಅದೇ ಗುರುವಾರ. ಎರಡು ವಾರದ ಹಿಂದೆ ಮುದೀರರು ಕೇಳಿದಾಗ ಅವನು ‘ಖಲಾಸ್’, ಕೆಲಸ ಮುಗಿದಿದೆ, ಎಂದಿದ್ದ, ಹೇಳಿ ಮಗನ ಜೊತೆ ಸಮುದ್ರಕ್ಕೆ ಮೀನು ಹಿಡಿಯಲು ಹೋಗಿದ್ದ. ತಾನು ಮರೆತದ್ದು ಈ ಇಂಡಿಯಾದವನ ಕಂಪ್ಯೂಟರಿನಲ್ಲಿ ಕಾಣುತ್ತದೆ ಎಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ. ತಿರುಗಿ ಕಾರು ಹತ್ತಿದ. ಹದಿನೇಳು ವರ್ಷದಲ್ಲಿ ಅವನು ಒಂಬತ್ತು ಗಂಟೆಗೆ ಮೊದಲು ಸರ್ಕಾರಿ ಕಚೇರಿಯ ಕಡೆ ಹೊರಟದ್ದು ಅದೇ ಮೊದಲು.

ಇತ್ತ ಸರ್ವರ್ ಕೋಣೆಯಲ್ಲಿ ಲೋಕನಾಥ ಒಂದನೆಯ ಪೆಟ್ಟಿಗೆಯ ಸ್ಟಿಕ್ಕರನ್ನು ಭಕ್ತಿಯಿಂದ ನೋಡಿ ಲಾಗಿನ್ ಆದ. ಆದರೆ ಮುಂಜಾನೆ ಕರೆಂಟಿನವರು ಬಂದು ಒಂದನೆಯದರ ಲೈನನ್ನು ಎರಡು ನಿಮಿಷ ತೆಗೆದು ಪರೀಕ್ಷೆ ಮಾಡಿ ಹೋಗಿದ್ದರು. ಆ ಎರಡು ನಿಮಿಷದಲ್ಲಿ ಜೋಡಿ ಅದಲು ಬದಲಾಗಿತ್ತು. ಈಗ ಕೆಲಸ ಮಾಡುತ್ತಿದ್ದದ್ದು ಎರಡನೆಯದು. ಲಾಗಿನ್ ಆದವನು ಯಾವತ್ತೂ ಕೆಲಸ ಮಾಡುವ ಪೆಟ್ಟಿಗೆಯ ಒಳಗೇ ಹೋಗುತ್ತಾನೆ. ಯಾವುದು ಯಾವುದೆಂದು ಪರದೆಯ ಮೇಲೇ ಬರೆದಿತ್ತು. ಅದನ್ನು ಓದಲು ಕನ್ನಡಕ ಬೇಕಿತ್ತು, ಕನ್ನಡಕ ಹಾಕಿಕೊಂಡರೆ ವೀಡಿಯೊದಲ್ಲಿ ವಯಸ್ಸಾದಂತೆ ಕಾಣುತ್ತದೆಂದು ಅವನು ಅದನ್ನು ಮನೆಯಲ್ಲೇ ಬಿಟ್ಟಿದ್ದ.

‘ಜೋಡಿಗೆ’ ಎಂದು ಸೇರಿಸಿ ಹುಕುಂ ಕೊಟ್ಟ: ಇರುವುದನ್ನೆಲ್ಲ ಅಳಿಸು. ಪೆಟ್ಟಿಗೆ, ಖಂಡಿತವಾ ಎಂದು ಕೇಳಿತು. ಖಂಡಿತ ಎಂದ. ಹೀಗೆ ಒಂದನೆಯದರಲ್ಲಿದ್ದ ಏಕಮಾತ್ರ ಹೊಸ ಫೈಲನ್ನು, ಮೂರು ಸಲ ಖಂಡಿತ ಎಂದು ಹೇಳಿ, ತನ್ನ ಕೈಯಾರೆ ಅಳಿಸಿದ. ಆಮೇಲೆ ‘ಇಲ್ಲಿರುವ ಹೊಸ ಫೈಲನ್ನು ಜೋಡಿಗೆ ಕಳಿಸು’ ಎಂದ. ಅಂಥ ಫೈಲು ಇಲ್ಲಿ ಇಲ್ಲ ಎಂದಿತು. ಜೋಡಿಯಲ್ಲಿ ನೋಡಿದ. ಅಲ್ಲೂ ಇರಲಿಲ್ಲ. ಅಲ್ಲಿ ಏನೂ ಇರಲಿಲ್ಲ.

ಕುಶಾಲರು ಕಳಿಸಿದ್ದ ಇಮೇಲನ್ನು ತೆರೆಯಲು ಹೋದ. ಅದರಲ್ಲಿದ್ದ ಲಿಂಕಿನ ಗಡುವು ಮೂರೇ ದಿನದ್ದು, ಮುಗಿದಿತ್ತು. ತಿಲಕ್‌ಗೆ ಫೋನ್ ಮಾಡಿ, ಅಳುವ ದನಿಯಲ್ಲಿ, ‘ಜಾಗ ಈಗ ಬೇಕಾದಷ್ಟು ಉಂಟು ಮಾರಾಯ, ಫೈಲ್ ಮಾತ್ರ ಎರಡೂ ಕಡೆ ಇಲ್ಲ’ ಎಂದ.

ಹತ್ತೂವರೆಗೆ ಇಸ್ತಾಂಬುಲಿನಿಂದ ಮುದೀರರು ಲಾಗಿನ್ ಆಗಲು ಹೋದರು. ಆಗಲಿಲ್ಲ. ಹನ್ನೊಂದಕ್ಕೆ ಕುಶಾಲ್ ಕಾರಿನಲ್ಲಿ ಬಂದರು. ಅಂಗಳದ ಜನಜಂಗುಳಿ ದಾಟಿ ಬರುವಷ್ಟರಲ್ಲಿ ಅವರಿಗೆ ಸುದ್ದಿ ಅರವತ್ತು ಬಾಯಿಂದ ತಲುಪಿತ್ತು. ಸರ್ವರ್ ಕೋಣೆಯ ಬಾಗಿಲು ಹಾಕಿ ದನಿ ತಗ್ಗಿಸಿದರು.

‘ಲೋಕನಾಥ್, ಕಂಪನಿ ಫೈಲ್ ಬ್ಲಾಕ್ ಅಂತೆ. ಮಂದೂಬ್ ಓಡಿದಾನೆ. ಫೈಲ್ ಬ್ಲಾಕ್ ಆದ್ರೆ ಸರ್ಕಾರದವರು ನೆಟ್ಟೂ ಕಟ್ ಮಾಡ್ತಾರಾ?’

ಲೋಕನಾಥ ಯೋಚಿಸಿದ. ಕಂಪನಿಯ ಫೈಲು ಬ್ಲಾಕ್ ಆಗಿದೆ ಎಂಬುದೇ ಅವನಿಗೆ ಆ ಕ್ಷಣ ತಿಳಿದ ಹೊಸ ಸುದ್ದಿ. ಆದರೆ ದೇವರು ಒಂದು ಬಾಗಿಲು ತೆರೆದಾಗ ಯಾಕೆಂದು ಕೇಳುವ ಜಾತಿಯವನಲ್ಲ ಅವನು.

‘ಮಾಡ್ತಾರೆ ಸರ್. ಮೊದಲು ಹೊರಗಿನ ಲಾಗಿನ್ ಕಟ್ ಮಾಡುದು.’

‘ಅನ್ಕೊಂಡೆ. ನಾನು ಎಂಟೆಕ್‌ನಲ್ಲಿ ಈ ಥರದ್ದು ಓದಿದ್ದೆ,’ ಎಂದರು ಕುಶಾಲ್. ಓದಿರಲಿಲ್ಲ. ಮುದೀರರಿಗೆ ಫೋನ್ ಮಾಡಿ, ಸರ್ಕಾರವೇ ಲೈನು ಕಡಿದಿದೆ, ನಮ್ಮ ಕಡೆಯಿಂದ ಎಲ್ಲ ಸರಿಯಿದೆ ಎಂದು ಇಂಗ್ಲಿಷಿನಲ್ಲಿ ವರದಿ ಕೊಟ್ಟರು. ಕೊಟ್ಟು ಕ್ಯಾಂಟೀನಿಗೆ ಹೋದರು.

ಹನ್ನೊಂದೂ ಮುಕ್ಕಾಲಿಗೆ ತಿಲಕ್ ಬಂದ. ಕೈಯಲ್ಲಿ ಊಟದ ಚೀಲ. ಅಕ್ಕ ಭಾವನಿಗೆ ಬುತ್ತಿ ಕಳಿಸಿದ್ದಾಳೆ ಎಂದು ಗೇಟಿನಲ್ಲಿ ಹೇಳಿದ. ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ತನ್ನ ಕಂಪನಿಯಿಂದ ಇಳಿಸಿಕೊಂಡು ತಂದ ಅದೇ ಫೈಲು ಇತ್ತು. ಭಾವನನ್ನು ಒಂದು ಮೂಲೆಗೆ ಕೂರಿಸಿ, ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಳ್ಳಲು ಹೇಳಿದ.

‘ಸ್ಟಿಕ್ಕರ್ ನೋಡಬೇಡಿ ಅಂದಿದ್ದೆ.’

‘ನಾನು ನೋಡಿದ್ದು ಹೌದು, ನಂಬಿದ್ದು ಸ್ವಲ್ಪವೇ.’

ತಿಲಕ್ ಎರಡನೆಯದರಲ್ಲಿ ಜಾಗ ಮಾಡಿ ಅದಕ್ಕೊಂದು ಪ್ರತಿ ಹಾಕಿದ. ಕರೆಂಟಿನವರು ಲೈನು ಕೊಟ್ಟ ಮೇಲೆ ಒಂದನೆಯದಕ್ಕೂ ಬೇರೆ ಪ್ರತಿ ಹಾಕಿದ. ಒಟ್ಟು ಕಾಲು ಗಂಟೆಯ ಕೆಲಸ. ಚೀಲ ತೆಗೆದುಕೊಂಡು ಹೊರಟ.

ಹನ್ನೆರಡು ಗಂಟೆಗೆ ಅತ್ತ ಕಚೇರಿಯಲ್ಲಿ ಅಬು ಫವಾಜ್ ಕೌಂಟರಿನಲ್ಲಿದ್ದ ತನ್ನ ಸೋದರಳಿಯನನ್ನು ಹಿಡಿದು ಫೈಲಿಗೆ ಸೀಲು ಹೊಡೆಸಿದ. ಹನ್ನೆರಡೂ ಐದಕ್ಕೆ ಇತ್ತ ಮುದೀರರ ಲಾಗಿನ್ ಆಯಿತು. ಇದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೆ ಬೇಕು. ಅಂಗಳದಲ್ಲಿ ಚಪ್ಪಾಳೆ ಬಿತ್ತು. ವ್ಯಾನುಗಳು ಹೊರಟವು. ಧನರಾಜ್ ಇನ್ನೊಂದು ಕೆನ್ನೆ ಬೋಳಿಸಿಕೊಳ್ಳಲು ಹೋದ. ಅರವತ್ತು ಅರ್ಜಿ ಟೈಪು ಮಾಡಿ ಇಟ್ಟಿದ್ದ ಅಬೂಬಕ್ಕರ್ ಮಾತ್ರ, ಇದು ಒಂದು ವರ್ಷಕ್ಕಷ್ಟೇ, ಮುಂದಿನ ಸಲ ನೋಡಿ ಎಂದು ಎಲ್ಲರಿಗೂ ಹೇಳುತ್ತ ಹೋದ.

ಭಾನುವಾರ ಮುದೀರರು ಬಂದು ವಿಚಾರಣೆ ಇಟ್ಟರು. ಅಬು ಫವಾಜ್ ಹೇಳಿದ: ಕೊನೆಯ ದಿನವೆಂದು ನೆನಪು ಮಾಡಿದವನು ಲೋಕನಾಥ. ಇದು ನಿಜ. ತಾನು ಮರೆತ ವಿಷಯವನ್ನು ಕಂಪ್ಯೂಟರಿನಲ್ಲಿ ನೋಡಬಲ್ಲ ಈ ಮನುಷ್ಯ ದೂರ ಇರುವುದಕ್ಕಿಂತ ತನ್ನ ಕಣ್ಣ ಮುಂದೆ ಇರುವುದು ಒಳ್ಳೆಯದು ಎಂದು ಅವನು ಹೇಳಲಿಲ್ಲ. ಆದರೆ ಲೋಕನಾಥನನ್ನು ತನ್ನ ವಿಭಾಗಕ್ಕೆ ಕೊಡಿ ಎಂದು ಕೇಳಿಕೊಂಡ.

ಕುಶಾಲರು ಶನಿವಾರವೇ ಪೆಟ್ಟಿಗೆಯ ದಾಖಲೆ ತೆಗೆದು ನೋಡಿದ್ದರು. ಯಾರು, ಎಷ್ಟು ಗಂಟೆಗೆ, ಏನನ್ನು, ಎಷ್ಟು ಸಲ ಖಂಡಿತ ಎಂದು ಹೇಳಿ ಅಳಿಸಿದ ಎಂಬುದೆಲ್ಲ ಅಲ್ಲಿತ್ತು. ಅದನ್ನು ಹೊರಗೆ ಇಟ್ಟರೆ, ಸರ್ಕಾರ ಲೈನು ಕಡಿಯಿತು ಎಂದು ತಾವು ಕೊಟ್ಟ ವರದಿಯೂ ಹೊರಗೆ ಬರುತ್ತಿತ್ತು. ಎಂಟೆಕ್ ಓದಿದವರು ಇಷ್ಟನ್ನು ಲೆಕ್ಕ ಹಾಕಬಲ್ಲರು.

‘ಲೋಕನಾಥ್ ಪ್ರತಿಭೆಗೆ ನಮ್ಮ ಸರ್ವರ್ ರೂಮ್ ಚಿಕ್ಕದು ಸರ್,’ ಎಂದರು ಮುದೀರರಿಗೆ. ‘ಖಂಡಿತ ಕಳಿಸಿಕೊಡೋಣ. ಇವತ್ತೇ ಆದ್ರೂ ಆಗಬಹುದು.’

ಹೀಗೆ ಮೂರು ಸುಳ್ಳುಗಳು ಒಂದನ್ನೊಂದು ಹಿಡಿದುಕೊಂಡು ನಿಂತವು, ಒಂದೂ ಬೀಳಲಿಲ್ಲ. ಲೋಕನಾಥನಿಗೆ ಎರಡು ವರ್ಷದ ಹೊಸ ಕಾಂಟ್ರಾಕ್ಟ್ ಸಿಕ್ಕಿತು. ಇಡೀ ಕಾಗದ ಅರಬ್ಬಿಯಲ್ಲಿತ್ತು. ಎಲ್ಲಿ ಸಹಿ ಎಂದು ತೋರಿಸಿದಲ್ಲಿ ಸಹಿ ಹಾಕಿ ಮನೆಗೆ ತಂದು, ಟೀಪಾಯಿಯ ಮೇಲೆ ಹರಡಿ, ಆಶಾಲತಾಳನ್ನು ಕರೆದ.

‘ಹುದ್ದೆ ಎಂತದ್ದು?’ ಎಂದಳು ಅವಳು.

‘ಹೊಸ ಹುದ್ದೆ. ಅಬು ಫವಾಜ್ ಖುದ್ದು ಕೇಳಿ ತಗೊಂಡದ್ದು. ಇಲಾಖೆ ಇಲಾಖೆಗಳ ನಡುವೆ ಫೈಲ್ ಟ್ರಾನ್ಸ್‌ಫರ್ ಪೂರ್ತಿ ನನ್ನದೇ ಅಂತೆ. ನಾಳೆಯಿಂದ ಕಾರಿನಲ್ಲಿ ಕರ್ಕೊಂಡು ಹೋಗ್ತಾರೆ.’

‘ಹೆಸರು ಎಂತದ್ದು ಅಂತ ಕೇಳಿದ್ದು.’

ಶಾಲೆಯಲ್ಲಿ ಅರಬ್ಬಿ ಕಲಿಯುವ ಮಗಳು ನವ್ಯಶ್ರೀಯನ್ನು ಕರೆದರು. ಅವಳು ಫೋನಿನಿಂದ ಕಣ್ಣು ಕಿತ್ತು, ಬಲದಿಂದ ಎಡಕ್ಕೆ ಬೆರಳು ಓಡಿಸಿ ಓದಿದಳು.

‘ಮುರಾಸಿಲ್.’

‘ಹಾಗಂದ್ರೆ?’

‘ಮೆಸೆಂಜರ್, ಡ್ಯಾಡಿ. ಲೈಕ್, ದ ಗೈ ಹೂ ಕ್ಯಾರೀಸ್ ಪೇಪರ್ಸ್.’

ಲೋಕನಾಥ ಕೊನೆಯ ಅರ್ಧವನ್ನು ಕೇಳಿಸಿಕೊಳ್ಳಲಿಲ್ಲ. ಮೆಸೆಂಜರ್ ಎಂಬ ಪದವನ್ನು ಬಾಯಲ್ಲಿ ಒಂದು ಸಲ ಹೊರಳಿಸಿ ನೋಡಿದ. ಮುಖ ಅರಳಿತು.

‘ಅದೇ ಅಲ್ಲವಾ,’ ಎಂದ ಹೆಂಡತಿಗೆ. ‘ಅದೂ ನೆಟ್‌ವರ್ಕಿಂಗೇ.’